ಗಾಳಿಗೆ ಎರಡು ಕೋಟ್

ಮನೆಯಲ್ಲಿ ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ಲೆಕ್ಕದ ಚೀಟಿ ಅದಕ್ಕಿಂತ ಘಾಟು.

ಬನಶಂಕರಿಯ ನಮ್ಮ ಮನೆಗೆ ಒಂದು ಕೋಟ್ ಪ್ರೈಮರ್, ಎರಡು ಕೋಟ್ ಬಣ್ಣ, ಮಾಲು ಸೇರಿ ಚದರಡಿಗೆ 22 ರೂಪಾಯಿ ಎಂದು ಮಾತಾಗಿತ್ತು. ರೇಟಿನಲ್ಲಿ ತಕರಾರಿಲ್ಲ. ತಕರಾರೆಲ್ಲ ಅಡಿಯಲ್ಲಿ.

ನಮ್ಮ ಮೇಸ್ತ್ರಿಯ ಟೇಪಿಗೆ ಇಂಚು ಅಂದರೆ ಏನೆಂದೇ ಗೊತ್ತಿಲ್ಲ. ರೂಮಿನ ಗೋಡೆ 10 ಅಡಿ 2 ಇಂಚು ಉದ್ದ, 9 ಅಡಿ 4 ಇಂಚು ಎತ್ತರ. ಹುಡುಗ ಆ ತುದಿ ಹಿಡಿದ. ಮೇಸ್ತ್ರಿ ಈ ತುದಿಯಿಂದ "ಹನ್ನೊಂದ್ ಹತ್ಲ ನೂರಾ ಹತ್ತು" ಎಂದು ಬರೆದುಕೊಂಡರು. ಮೊಬೈಲಿನಲ್ಲಿ ಗುಣಿಸಿದರೆ 95 ಕೂಡ ಮುಟ್ಟಲಿಲ್ಲ.

"ಇಂಚೆಲ್ಲ ಹಿಡಿದ್ರೆ ತಲೆ ಕೆಡುತ್ತೆ ಸಾರ್. ರೌಂಡ್ ಫಿಗರ್ ಇರ್ಲಿ."

ಇರಲಿ. ಕೆಳಗೂ ರೌಂಡ್ ಮಾಡಬಹುದಲ್ವಾ?

ಆಮೇಲೆ ಬಾಲ್ಕನಿಯ ಗಾಜಿನ ಬಾಗಿಲು. 6 ಅಡಿ ಅಗಲ, 7 ಅಡಿ ಎತ್ತರ. ಅದನ್ನೂ ಸೇರಿಸಿಯೇ ಅಳೆದರು.

"ಅಲ್ಲ ಮೇಸ್ತ್ರಿ, ಇಲ್ಲಿ ಗೋಡೆ ಎಲ್ಲಿದೆ?"

"ಓಪನಿಂಗ್ ಕಳೆಯಲ್ಲ ಸಾರ್. ಅಂಚು ತಿದ್ದೋ ಕೆಲಸ ಜಾಸ್ತಿ."

ಎಷ್ಟೋ ಪೇಂಟರ್‌ಗಳ ವಾಡಿಕೆ ಅದು, ಒಪ್ಪಿದೆ. ಆದರೂ 42 ಚದರಡಿ ಗಾಳಿಗೆ 924 ರೂಪಾಯಿ! ಬಾಗಿಲು ಸರಿಸಿದರೆ ಎದುರು ಮನೆಯವರು ಒಣಹಾಕಿದ ಬಟ್ಟೆ ಕಾಣುತ್ತದೆ. ಈ ಲೆಕ್ಕದ ಪ್ರಕಾರ ಆ ಲುಂಗಿಗೂ ನಾನೇ ಬಣ್ಣ ಹೊಡೆಸಿದ್ದೇನೆ.

ಬೀರು ಸರಿಸಿದೆ. ಹಿಂದೆ ಹಳೇ ಹಸಿರು ಹಾಗೇ ಇದೆ, ಚೀಟಿಯಲ್ಲಿ ಮಾತ್ರ ಹೊಸ ಬಣ್ಣ.

"ಅಲ್ಲಿ ಯಾರು ನೋಡ್ತಾರೆ ಸಾರ್?"

"ಹಾಗಾದ್ರೆ ಅದರ ದುಡ್ಡನ್ನೂ ಯಾರಿಗೂ ಕಾಣದ ಹಾಗೆ ಕೊಡ್ತೀನಿ."

ಮೇಸ್ತ್ರಿ ನಗಲಿಲ್ಲ. ಹುಡುಗ ಕಿಸಕ್ಕೆಂದ. ಕೈ ಸಡಿಲವಾಗಿ ಟೇಪು ಸರ್ರನೆ ಹೋಗಿ ಮೇಸ್ತ್ರಿಯ ಬೆರಳಿಗೆ ಬಡಿಯಿತು. ಇಡೀ ವ್ಯವಹಾರದಲ್ಲಿ ನನಗೆ ಸಿಕ್ಕ ಲಾಭ ಅದೊಂದೇ.

"ರೀ, 1915ಕ್ಕೆ ಫೋನ್ ಮಾಡಿ," ಎಂದು ಅಡುಗೆಮನೆಯಿಂದ ಹೆಂಡತಿ ಕೂಗಿದಳು. ಗ್ರಾಹಕರ ಸಹಾಯವಾಣಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದರೂ 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಆದರೆ ಕೈಯಲ್ಲೊಂದು ಪಕ್ಕಾ ಬಿಲ್ ಬೇಕಲ್ಲ. ಕೇಳಿದೆ.

"ಬಿಲ್ ಆದ್ರೆ ಜಿಎಸ್‌ಟಿ 18 ಪರ್ಸೆಂಟ್ ಮೇಲೆ ಬೀಳುತ್ತೆ ಸಾರ್."

ಗಾಳಿಗೂ ಜಿಎಸ್‌ಟಿ.

ಅಪ್ಪನ ಕಾಲದಲ್ಲಿ ಹಬ್ಬಕ್ಕೆ ಮುಂಚೆ ಸುಣ್ಣ ನೆನೆಹಾಕಿ, ಚೂರು ನೀಲಿ ಬೆರೆಸಿ ಹೊಡೆಸುತ್ತಿದ್ದರು. ದಿನಗೂಲಿ, ಮಧ್ಯಾಹ್ನ ಊಟ, ಮುಗೀತು. ಗೋಡೆಗೆ ಒರಗಿದರೆ ಬೆನ್ನೆಲ್ಲ ಬೆಳ್ಳಗೆ. ಯಾರೂ ಏನನ್ನೂ ಅಳೆಯುತ್ತಿರಲಿಲ್ಲ.

ಕೊನೆಗೆ ರಾಜಿಯಾಯಿತು. ಬೀರುವಿನ ಹಿಂದಿನದು ಬಿಟ್ಟರು. ಗಾಜಿನ ಬಾಗಿಲು ಅರ್ಧ ನಮಗೆ, ಅರ್ಧ ಅವರಿಗೆ. ಇಂಚುಗಳೆಲ್ಲ ಅವರಿಗೇ. ಯುಪಿಐನಲ್ಲಿ ದುಡ್ಡು ಹಾಕಿದೆ. ಮೇಸ್ತ್ರಿ ಖಾಲಿ ಡಬ್ಬಗಳನ್ನು ಜೋಡಿಸಿಕೊಳ್ಳತೊಡಗಿದರು. 20 ಲೀಟರಿನದೊಂದನ್ನು ಹೆಂಡತಿ ಕೈಯಲ್ಲಿ ಹಿಡಿದುಕೊಂಡಳು.

"ಇದೊಂದು ಇಲ್ಲೇ ಇರ್ಲಿ, ನೀರು ಹಿಡಿಯೋಕಾಗುತ್ತೆ."

"ಇಟ್ಕೊಳ್ಳಿ ಅಮ್ಮ," ಎಂದರು ಮೇಸ್ತ್ರಿ. "ಅದಕ್ಕೆ ಬೇರೆ ನೂರೈವತ್ತಾಗುತ್ತೆ."