ಕ್ವಾಂಟಮ್ ವಿಜ್ಞಾನ ಮತ್ತು ಧ್ಯಾನ: ಓಡಾಡುತ್ತಿರುವ ಸಂದೇಶಕ್ಕೆ ಸ್ಪಷ್ಟನೆ

'ಮನುಷ್ಯ ನೋಡಿದ ಕೂಡಲೇ ಎಲೆಕ್ಟ್ರಾನ್ ವರ್ತನೆ ಬದಲಿಸುತ್ತದೆ. ಹಾಗಾಗಿ ಮನಸ್ಸೇ ಜಗತ್ತನ್ನು ಸೃಷ್ಟಿಸುತ್ತದೆ, ಧ್ಯಾನಿಗಳು ಕಂಡದ್ದನ್ನು ವಿಜ್ಞಾನ ಸಾಬೀತು ಮಾಡಿದೆ' ಎಂಬ ಸಂದೇಶ ಜಾಸ್ತಿ ಓಡಾಡುತ್ತಿದೆ. ಇದು ತಪ್ಪು.

ಈ ಮಾತಿಗೆ ಆಧಾರವಾಗಿ ಹೇಳುವುದು ಎರಡು ಸೀಳುಗಳ ಪ್ರಯೋಗವನ್ನು. ಎಲೆಕ್ಟ್ರಾನ್‌ನಂಥ ಕಣಗಳನ್ನು ಎರಡು ಸಣ್ಣ ಸೀಳುಗಳ ಮೂಲಕ ಬಿಟ್ಟರೆ, ಆಚೆಯ ಪರದೆಯ ಮೇಲೆ ಅಲೆಗಳು ಮೂಡಿಸುವಂಥ ಪಟ್ಟೆಗಳು ಕಾಣುತ್ತವೆ. ಕಣ ಯಾವ ಸೀಳಿನಿಂದ ಹೋಯಿತು ಎಂದು ಪತ್ತೆ ಹಚ್ಚುವುದು ಮನಸ್ಸಲ್ಲ, ಉಪಕರಣ. ಅದು ಕಣದ ಜೊತೆ ಭೌತಿಕವಾಗಿ ವ್ಯವಹರಿಸಿದಾಗಲೇ ಪರದೆಯ ಮೇಲಿನ ಪಟ್ಟೆಗಳು ಮಾಯವಾಗುತ್ತವೆ. ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಅಷ್ಟೇ. 2004ರಲ್ಲಿ ವಿಯೆನ್ನಾದ ವಿಜ್ಞಾನಿಗಳು ಇದನ್ನು ಚೆನ್ನಾಗಿ ತೋರಿಸಿದರು. 70 ಕಾರ್ಬನ್ ಪರಮಾಣುಗಳಿರುವ ಅಣುಗಳನ್ನು ಲೇಸರ್‌ನಿಂದ ಕಾಯಿಸಿದರು. ಬಿಸಿ ಏರಿದಂತೆ ಅಣುಗಳು ತಾವಾಗಿಯೇ ಬೆಳಕು ಸೂಸಿದವು, ಪಟ್ಟೆಗಳು ಮಸುಕಾಗುತ್ತಾ ಹೋದವು. ಅಣು ಎಲ್ಲಿತ್ತು ಎಂಬ ಸುಳಿವನ್ನು ಆ ಬೆಳಕೇ ಹೊತ್ತೊಯ್ದಿತ್ತು, ಅದನ್ನು ಯಾರೂ ನೋಡಬೇಕಾಗಲೇ ಇಲ್ಲ.

ಹಾಗಂತ ಈ ಮಾತು ಸುಮ್ನೆ ಹುಟ್ಟಿದ್ದಲ್ಲ. ಭೌತವಿಜ್ಞಾನಿ ಯೂಜೀನ್ ವಿಗ್ನರ್ 1961ರಲ್ಲಿ ಪ್ರಜ್ಞೆಗೆ ಇಂಥ ಪಾತ್ರ ಇರಬಹುದು ಎಂದು ವಾದಿಸಿದ್ದರು, ಆಮೇಲೆ ಕೈಬಿಟ್ಟರು. ಕ್ವಾಂಟಮ್ ವಿಜ್ಞಾನಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಶ್ರೋಡಿಂಗರ್ ಅವರಿಗೆ ವೇದಾಂತದ ಮೇಲೆ ಆಳವಾದ ಒಲವಿತ್ತು, ಅದು ನಿಜ. ಆದರೆ ಇಂಥ ಕಣಗಳ ವರ್ತನೆಯನ್ನು ವಿವರಿಸುವ 1926ರ ಅವರ ಸಮೀಕರಣದಲ್ಲಿ ಮನಸ್ಸಿಗೆ ಅಂತ ಒಂದು ಅಕ್ಷರವೂ ಇಲ್ಲ.

ಧ್ಯಾನದಲ್ಲಿ ಆಗುವ ಅನುಭವ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅದು ಎಷ್ಟೋ ಜನರ ಬದುಕನ್ನೇ ಬದಲಿಸಿದೆ. ಅದಕ್ಕೆ ಎಲೆಕ್ಟ್ರಾನಿನ ಸಾಕ್ಷಿ ಯಾಕೆ ಬೇಕು?

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.