ಮೂರನೇ ದಿನದ ಚೀಸ್‌ಕೇಕ್

ನಾನು ಮೊದಲ ಸಲ ಮಾಡಿದ ಚೀಸ್‌ಕೇಕಿನ ಬಿರುಕಿನಲ್ಲಿ ಮಗಳ ಕಿರುಬೆರಳು ಸಲೀಸಾಗಿ ಇಳಿಯುತ್ತಿತ್ತು. ಅವಳು ಇಳಿಸಿಯೂ ನೋಡಿದಳು. ಅಮ್ಮ ಕನ್ನಡಕ ಏರಿಸಿಕೊಂಡು ಬಂದು, ತಟ್ಟೆಗೊಂದು ಪ್ರದಕ್ಷಿಣೆ ಹಾಕಿ, ‘ಈ ಸಲ ಮಳೆ ಸರಿಯಾಗಿ ಆಗಲಿಲ್ಲ ಅನ್ಸುತ್ತೆ ಕಣೋ’ ಅಂದರು. ಬೇಸಿಗೆಯಲ್ಲಿ ನಮ್ಮೂರ ಕೆರೆ ಅಂಗಳ ಥೇಟ್ ಹಾಗೇ ಕಾಣುತ್ತದೆ.

ಈ ಹುಚ್ಚು ಹತ್ತಿದ್ದು ಒಂದು ಮಾಲಿನಲ್ಲಿ. ಮಗಳಿಗೆ ಬ್ಲೂಬೆರಿ ಚೀಸ್‌ಕೇಕ್ ಬೇಕಂತೆ. ಬಂತು. ಬೆರಳುದ್ದದ ತ್ರಿಕೋನ, ಮೇಲೆ ನೇರಳೆ ಬಣ್ಣದ ಗೊಜ್ಜು. ರುಚಿ ಮಾತ್ರ ಸೊಗಸಾಗಿತ್ತು, ಸುಳ್ಳು ಹೇಳಬಾರದು. ಆಮೇಲೆ ಬಿಲ್ಲು ನೋಡಿದೆ. ಆ ದುಡ್ಡಿಗೆ ನಮ್ಮ ಬೀದಿಯ ದರ್ಶಿನಿಯಲ್ಲಿ ಮೂರೂ ಜನ ಮಸಾಲೆ ದೋಸೆ ತಿಂದು, ಕಾಫಿ ಕುಡಿದು, ಚಿಲ್ಲರೆಗೆ ಜಗಳವನ್ನೂ ಆಡಬಹುದಿತ್ತು. ‘ಇದ್ರಲ್ಲೇನಿದೆ ಮಹಾ? ಮನೇಲಿ ನಾನೇ ಮಾಡ್ತೀನಿ’ ಅಂದುಬಿಟ್ಟೆ. ಹೆಂಡತಿ ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದಾಗಲೇ ನಾನು ಹುಷಾರಾಗಬೇಕಿತ್ತು.

ಮೊದಲು ಚೀಸ್ ತರಬೇಕಲ್ಲ. ಪಿಜ್ಜಾ ಮೇಲೆ ಉದುರಿಸುವುದು ಬೇರೆ, ಬ್ರೆಡ್ಡಿನ ನಡುವೆ ಇಡುವ ಹಳದಿ ಹಾಳೆ ಬೇರೆ, ಇದಕ್ಕೆ ಬೇಕಾಗಿರುವ ಕ್ರೀಮ್ ಚೀಸ್ ಬೇರೆ ಅಂತ ಅಂಗಡಿಗೆ ಹೋದ ಮೇಲೆಯೇ ಗೊತ್ತಾಗಿದ್ದು. 1870ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಚೆಸ್ಟರ್ ಎಂಬ ಊರಿನಲ್ಲಿ ವಿಲಿಯಂ ಲಾರೆನ್ಸ್ ಅನ್ನುವ ಹಾಲಿನ ವ್ಯಾಪಾರಿ ಮೆತ್ತನೆಯ ಚೀಸ್‌ಗೆ ಕೆನೆ ಸೇರಿಸಿ ಇದನ್ನು ಮಾರತೊಡಗಿದನಂತೆ. 1880ರಲ್ಲಿ ಅದಕ್ಕೆ ಫಿಲಡೆಲ್ಫಿಯಾ ಅಂತ ಹೆಸರು ಬಂತು. ಮಾಡುತ್ತಿದ್ದದ್ದು ಮಾತ್ರ ನ್ಯೂಯಾರ್ಕಿನಲ್ಲೇ. ಹಾಲು ಬೆಣ್ಣೆಗೆ ಆಗ ಫಿಲಡೆಲ್ಫಿಯಾ ಹೆಸರುವಾಸಿ, ಅದಕ್ಕೆ. ಬೆಂಗಳೂರಲ್ಲೇ ಹಿಟ್ಟು ರುಬ್ಬಿ ‘ದಾವಣಗೆರೆ ಬೆಣ್ಣೆ ದೋಸೆ’ ಅಂತ ಬೋರ್ಡು ಹಾಕುತ್ತಾರಲ್ಲ, ಹಾಗೆ.

ಅಂಗಡಿಯಲ್ಲಿ ಅದರ ಬೆಲೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದೆ. ಕೆಳಗಿನ ಸಾಲಿನಲ್ಲಿ ಅಂಥದೇ ಬಿಳಿ ಡಬ್ಬಿ, ಅರ್ಧ ರೇಟು. ಚೀಸ್ ಸ್ಪ್ರೆಡ್. ಬೆಳ್ಳಗಿದೆ, ಮೆತ್ತಗಿದೆ, ಇನ್ನೇನು ಬೇಕು? ಮೂರು ಡಬ್ಬಿ ತಂದೆ. ಎರಡು ಸಾದಾ. ಮೂರನೆಯದರ ಮೇಲೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ‘ಗಾರ್ಲಿಕ್ ಅಂಡ್ ಹರ್ಬ್ಸ್’ ಅಂತ ಇದ್ದದ್ದು ನಾನು ಓದಿದ್ದು ಕೇಕ್ ಬೇಯುತ್ತಿದ್ದಾಗ. ಅದೂ ಮೂಗು ಹೇಳಿದ ಮೇಲೆ. ಅಂದರೆ ಆ ಕೆರೆ ಅಂಗಳಕ್ಕೆ ಬೆಳ್ಳುಳ್ಳಿ ಒಗ್ಗರಣೆಯೂ ಆಗಿತ್ತು. ‘ಮಸಾಲ ಬನ್ ಹತ್ರ ಇಟ್ರೆ ಹೊಂದುತ್ತೆ’ ಅಂದಳು ಹೆಂಡತಿ. ಸಂಜೆ ನಿಜವಾಗಿಯೂ ಬನ್ನಿಗೆ ಹಚ್ಚಿಕೊಂಡು ತಿಂದಳು.

ಬಿರುಕು ಯಾಕೆ ಬಂತು ಅಂತ ಆಮೇಲೆ ಕೂತು ಓದಿದೆ. ಎಲ್ಲ ನನ್ನ ಅತಿಬುದ್ಧಿ. ಮಾಮೂಲಿ ಕೇಕಿನ ಹಾಗೆ ಕಡ್ಡಿ ಚುಚ್ಚಿ ನೋಡಿದ್ದೆ. ಹಸಿಯಾಗಿ ಅಂಟಿಕೊಂಡು ಬಂತು. ಇನ್ನು ಹತ್ತು ನಿಮಿಷ ಅಂದೆ. ಮತ್ತೆ ಚುಚ್ಚಿದೆ, ಮತ್ತೆ ಹತ್ತು ನಿಮಿಷ. ಹೀಗೇ ನಾಲ್ಕು ಸಲ. ಚೀಸ್‌ಕೇಕಿನ ಲೆಕ್ಕವೇ ಬೇರೆ. ನಡುಭಾಗ ಇನ್ನೂ ಗಡಗಡ ಅಲುಗುತ್ತಿರುವಾಗಲೇ ಓವನ್ ಆರಿಸಬೇಕು. ಉಳಿದಿದ್ದು ಒಳಗಿನ ಬಿಸಿಗೇ ಬೇಯುತ್ತದೆ. ಜಾಸ್ತಿ ಬೆಂದರೆ ಮೊಟ್ಟೆ ಬಿಗಿದುಕೊಳ್ಳುತ್ತದೆ. ಅಂಚು ಟಿನ್ನಿಗೆ ಅಂಟಿಕೊಂಡಿರುತ್ತದೆ, ಮಧ್ಯ ಕುಗ್ಗುತ್ತದೆ. ಎರಡರ ನಡುವೆ ಎಳೆದಾಟ ನಡೆದು ಹರಿಯುತ್ತದೆ. ನಿಧಾನವಾಗಿ ಆರಬೇಕು, ಓವನ್ ಬಾಗಿಲು ಸ್ವಲ್ಪ ತೆರೆದು ಅಲ್ಲೇ ಬಿಡಬೇಕು. ನಾನು ಅದನ್ನು ಸೀದಾ ಫ್ಯಾನಿನ ಕೆಳಗೆ ಇಟ್ಟಿದ್ದೆ. ಐದರ ಸ್ಪೀಡಿನಲ್ಲಿ.

ಎರಡನೇ ಸಲ ಜಾಣನಾದೆ. ಸರಿಯಾದ ಕ್ರೀಮ್ ಚೀಸ್ ತಂದೆ, ಟಿನ್ನನ್ನು ಬಿಸಿನೀರಿನ ತಟ್ಟೆಯಲ್ಲಿ ಕೂರಿಸಿ ಬೇಯಿಸಿದೆ. ಹಾಗೆ ಮಾಡಿದರೆ ಕಾವು ಒಂದೇ ಸಮ ಇರುತ್ತದೆ. ಬಿರುಕು ಬರಲಿಲ್ಲ, ನಿಜ. ಆದರೆ ಈ ಕೇಕಿಗೆ ಬಳಸುವ ಟಿನ್ನಿನ ತಳ ಬೇರೆ, ಗೋಡೆ ಬೇರೆ. ಪಕ್ಕದಲ್ಲೊಂದು ಕ್ಲಿಪ್ ಇರುತ್ತದೆ. ನೀರು ಆ ಸಂದಿ ಹುಡುಕಿಕೊಂಡು ಒಳಗೆ ಹೋಯಿತು. ಸುತ್ತಿದ್ದ ಫಾಯಿಲ್ ಹೆಸರಿಗಷ್ಟೇ. ಮೇಲೆ ನೋಡಿದರೆ ಚಂದ್ರನ ಹಾಗೆ ನುಣುಪು. ಕೆಳಗೆ ಬೆಣ್ಣೆ ಕಲಸಿ ಒತ್ತಿದ್ದ ಮಾರಿ ಬಿಸ್ಕತ್ತಿನ ಪುಡಿ, ಟೀ ಲೋಟದ ತಳಕ್ಕೆ ಜಾರಿದ ಬಿಸ್ಕತ್ತಾಗಿತ್ತು. ಕ್ಲಿಪ್ ತೆಗೆದೆ. ಗೋಡೆ ಬಂತು, ಕೇಕ್ ಎತ್ತಲು ಬರಲಿಲ್ಲ. ಎಲ್ಲರೂ ಟಿನ್ನಿನ ಸುತ್ತ ಕೂತು ಚಮಚದಲ್ಲಿ ತಿಂದೆವು.

ಇದಕ್ಕೂ ಒಂದು ಪರಂಪರೆ ಇದೆ ಅಂತ ಆಮೇಲೆ ಗೊತ್ತಾಗಿ ಸ್ವಲ್ಪ ಸಮಾಧಾನವಾಯಿತು. ಎರಡು ಸಾವಿರ ವರ್ಷಕ್ಕೂ ಹಿಂದೆ ರೋಮ್‌ನ ಕೇಟೋ ಬೇಸಾಯದ ಬಗ್ಗೆ ಬರೆಯುತ್ತಾ, ನಡುವೆ ಚೀಸ್, ಹಿಟ್ಟು, ಜೇನು, ಒಂದು ಮೊಟ್ಟೆ ಕಲಸಿ ಮಣ್ಣಿನ ಪಾತ್ರೆಯಲ್ಲಿ ಬೇಯಿಸುವ ಸಾವಿಲ್ಲಮ್ ಎಂಬ ತಿಂಡಿಯ ಕ್ರಮವನ್ನೂ ಹೇಳಿದ್ದಾನೆ. ಮೇಲೆ ಜೇನು ಸವರಿ ಗಸಗಸೆ ಉದುರಿಸಬೇಕಂತೆ. ಪಾತ್ರೆಯಲ್ಲೇ ಚಮಚ ಹಾಕಿ ಕೊಡಬೇಕಂತೆ! ನಡುಭಾಗ ದಪ್ಪ ಇರುವ ಕಡೆ ಚೆನ್ನಾಗಿ ಬೆಂದಿದೆಯಾ ನೋಡಿಕೋ ಅಂತಲೂ ಎಚ್ಚರಿಸಿದ್ದಾನೆ. ಪಾಪ, ಅವನಿಗೂ ಅದೇ ತಲೆನೋವು ಇದ್ದಿರಬೇಕು.

ಆಮೇಲೆ ಜಪಾನಿನ ಚೀಸ್‌ಕೇಕ್. ಹತ್ತಿಯಷ್ಟು ಹಗುರ, ತಟ್ಟೆ ಅಲ್ಲಾಡಿಸಿದರೆ ಕುಣಿಯುತ್ತದೆ. ಮಗಳಿಗೆ ಅದರ ವಿಡಿಯೊ ತೆಗೆಯಬೇಕು, ತಿನ್ನುವುದು ಎರಡನೇ ಮಾತು. ಇದಕ್ಕೆ ಮೊಟ್ಟೆಯ ಬಿಳಿಯನ್ನು ನೊರೆ ಬರುವಂತೆ ಕಡೆದು, ಮೆಲ್ಲಗೆ ಬೆರೆಸಬೇಕು. ನಮ್ಮಲ್ಲಿ ಬೀಟರ್ ಇರಲಿಲ್ಲ. ಅಮ್ಮನ ಕಡೆಗೋಲು ಇತ್ತು. ಅಮ್ಮ ದೇವಸ್ಥಾನಕ್ಕೆ ಹೋಗಿದ್ದರು. ಇನ್ನು ಹೇಳುವುದು ಬೇಡ.

ಕಾಲು ಗಂಟೆ ಕಡೆದರೂ ನೊರೆ ನಿಲ್ಲಲಿಲ್ಲ. ಜಿಡ್ಡು ಸೋಕಿದರೆ ಮೊಟ್ಟೆಯ ಬಿಳಿ ಉಬ್ಬುವುದಿಲ್ಲ. ನಲವತ್ತು ವರ್ಷ ಬೆಣ್ಣೆ ತೆಗೆದ ಕಡೆಗೋಲಿಗಿಂತ ಜಿಡ್ಡಿನ ಮರ ನಮ್ಮ ಮನೆಯಲ್ಲಿ ಬೇರೊಂದಿಲ್ಲ. ಅಷ್ಟರಲ್ಲಿ ಅಮ್ಮ ಬಂದರು. ‘ಲೋ, ಮಜ್ಜಿಗೆ ಕಡೆಯೋದ್ರಲ್ಲಿ ಮೊಟ್ಟೆನಾ!’ ಮೊಟ್ಟೆ ಅವರೂ ತಿನ್ನುತ್ತಾರೆ. ಆದರೆ ಕಡೆಗೋಲಿಗೆ ಅದರದೇ ಮಡಿ ಇದೆಯಂತೆ. ಹುಣಸೆಹಣ್ಣು ಹಾಕಿ ಮೂರು ಸಲ ತಿಕ್ಕಿ, ಬಿಸಿನೀರು ಸುರಿದು, ಬಿಸಿಲಿಗೆ ಇಟ್ಟೆ. ಒಂದು ವಾರ ಮಜ್ಜಿಗೆ ಕೊಡಲಿಲ್ಲ ನನಗೆ.

ಬೀಟರ್ ಕೊಂಡು ಮತ್ತೆ ಮಾಡಿದೆ. ಈ ಸಲ ಕೇಕ್ ಪೂರಿಯ ಹಾಗೆ ಉಬ್ಬುತ್ತಾ ಹೋಯಿತು. ಮೂವರೂ ಓಟಿಜಿಯ, ಅಂದರೆ ನಮ್ಮ ಕರೆಂಟ್ ಓವನ್ನಿನ, ಗಾಜಿಗೆ ಮೂಗು ತಾಗಿಸಿಕೊಂಡು ನಿಂತಿದ್ದೆವು. ಮಗಳ ಮೊಬೈಲು ರೆಡಿ. ಆಗ ಕರೆಂಟ್ ಹೋಯಿತು. ವಿಡಿಯೊ ಈಗಲೂ ಇದೆ: ಕತ್ತಲು, ನನ್ನ ಬಾಯಿಂದ ಬರಬಾರದ ಒಂದು ಮಾತು, ಆಮೇಲೆ ಟಾರ್ಚ್ ಬೆಳಕಿನಲ್ಲಿ ಸೆಟ್ ದೋಸೆಯಷ್ಟಕ್ಕೆ ಇಳಿದ ಒಂದು ಪದಾರ್ಥ. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಅದಕ್ಕೆ ಬಂದಷ್ಟು ಲೈಕು ನಮ್ಮ ಗೃಹಪ್ರವೇಶದ ಫೋಟೊಗೂ ಬಂದಿರಲಿಲ್ಲ.

ಎದುರು ಮನೆ ಆಂಟಿ ಗಿಡಕ್ಕೆ ನೀರು ಹಾಕುತ್ತಾ, ‘ಮೊಟ್ಟೆ ಇಲ್ಲದ್ದು ಬರಲ್ವಾ ನಿಮಗೆ?’ ಅಂತ ಕೇಳಿದರು. ಬರಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಓವನ್ನೇ ಬೇಡದ, ಫ್ರಿಜ್ಜಿನಲ್ಲಿ ಗಟ್ಟಿಯಾಗುವ ಚೀಸ್‌ಕೇಕ್ ಒಂದಿದೆ. ಬಾದಾಮಿ ಮಾವಿನಹಣ್ಣಿನ ಕಾಲ ಬೇರೆ. ಕ್ರೀಮ್ ಚೀಸ್ ಜೊತೆಗೆ ನೀರು ಬಸಿದ ಮೊಸರು ಹಾಕಿದರೆ ಖರ್ಚೂ ಕಡಿಮೆ. ರಾತ್ರಿ ಎರಡು ಲೀಟರ್ ಮೊಸರನ್ನು ಬಿಳಿ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಅಡುಗೆಮನೆಯ ನಲ್ಲಿಗೆ ನೇತುಹಾಕಿ ಮಲಗಿದೆ. ಬೆಳಗ್ಗೆ ಐದೂವರೆಗೆ ಅಮ್ಮ ಕಾಫಿಗೆ ನೀರಿಡಲು ಬಂದವರು ಲೈಟೂ ಹಾಕದೆ ನಲ್ಲಿ ತಿರುಗಿಸಿದರು. ಎದ್ದು ಬಂದಾಗ ಪಾತ್ರೆ ತುಂಬ ನೀರು ಮಜ್ಜಿಗೆ. ವಾರದ ಬಾಕಿ ಚುಕ್ತಾ.

ಮಾರನೇ ದಿನ ಇನ್ನೊಮ್ಮೆ ಮೊಸರು, ಈ ಸಲ ಕಿಟಕಿ ಸರಳಿಗೆ. ಗಟ್ಟಿಯಾಗಲು ಜೆಲಾಟಿನ್ ಹಾಕುವಂತಿಲ್ಲ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವಂಥದ್ದು. ಅದಕ್ಕೇ ಚೈನಾ ಗ್ರಾಸ್ ತಂದೆ. ಕಡಲ ಪಾಚಿಯದು. ಕುದಿಸಿ ಕರಗಿಸಿ, ಫ್ರಿಜ್ಜಿನಿಂದ ಆಗತಾನೆ ತೆಗೆದ ತಣ್ಣನೆಯ ಮೊಸರಿಗೆ ಸುರಿದೆ. ಜೆಲಾಟಿನ್ನಿನ ಹಾಗಲ್ಲ ಇದು. ಉಗುರುಬೆಚ್ಚಗಾಗುವಷ್ಟರಲ್ಲೇ ಗಟ್ಟಿಯಾಗುತ್ತದೆ. ತಣ್ಣನೆಯ ಮೊಸರು ಮುಟ್ಟಿದ ಕ್ಷಣವೇ ಎಳೆ ಎಳೆಯಾಗಿ ನಿಂತುಬಿಟ್ಟಿತು. ಮೊಸರನ್ನೂ ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಬೇಕಿತ್ತು. ಬಟ್ಟಲಿಗೆ ಹಾಕಿ, ಮೇಲೆ ಮಾವಿನ ಹೋಳಿಟ್ಟು, ಧೈರ್ಯ ಮಾಡಿ ಕೊಟ್ಟು ಬಂದೆ. ಬಟ್ಟಲು ತೊಳೆದು ವಾಪಸ್ ಕೊಡುವಾಗ ಆಂಟಿ, ‘ಶಾವಿಗೆ ಪಾಯಸ ಚೆನ್ನಾಗಿತ್ತು, ಸ್ವಲ್ಪ ಹುಳಿ ಜಾಸ್ತಿ’ ಅಂದರು.

ನನಗೆ ಒಂದೇ ಒಂದು ಎಡವಟ್ಟೂ ಇಲ್ಲದೆ ಸಿಕ್ಕ ಚೀಸ್‌ಕೇಕ್ ಅಂದರೆ ಒಡಿಶಾದ ಛೆನಾ ಪೋಡ. ಕಾರಣ, ಅದನ್ನು ಮಾಡಿದ್ದು ನಾನಲ್ಲ. ಆಫೀಸಿನ ಒಡಿಯಾ ಗೆಳೆಯ ಊರಿನಿಂದ ಬರುವಾಗ ತರುತ್ತಾನೆ. ಒಡೆದ ಹಾಲಿನ ಛೆನಾಕ್ಕೆ ಸಕ್ಕರೆ, ರವೆ, ಏಲಕ್ಕಿ ಸೇರಿಸಿ, ಸಾಲ ಮರದ ಎಲೆಯಲ್ಲಿ ಸುತ್ತಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಪೋಡ ಅಂದರೇ ಸುಟ್ಟಿದ್ದು ಅಂತ. ಅಂಚಿನ ಕಂದು ತುಂಡಿಗೆ ನಮ್ಮ ಮನೆಯಲ್ಲಿ ಜಗಳ ನಡೆಯುತ್ತದೆ, ಗೆಲ್ಲುವುದು ಯಾವಾಗಲೂ ಅಮ್ಮ.

ಸುಟ್ಟಿದ್ದೇ ರುಚಿ ಅನ್ನುವುದಾದರೆ ನನಗೂ ಒಂದು ದಾರಿ ಇರಬೇಕಲ್ಲ? ಇತ್ತು. ಸ್ಪೇನಿನ ಸಾನ್ ಸೆಬಾಸ್ಟಿಯನ್ ಊರಿನಲ್ಲಿ ಲಾ ವಿನ್ಯಾ ಅಂತ ಒಂದು ಬಾರ್. ಅಲ್ಲಿನ ಸಾಂತಿಯಾಗೊ ರಿವೇರಾ 1990ರ ಸುಮಾರಿಗೆ ಮಾಡತೊಡಗಿದ ಬಾಸ್ಕ್ ಚೀಸ್‌ಕೇಕಿಗೆ ಬಿಸ್ಕತ್ತಿನ ತಳ ಬೇಡ, ನೀರಿನ ತಟ್ಟೆ ಬೇಡ. ಮುದುರಿದ ಬಟರ್ ಪೇಪರ್ ಹಾಸಿ, ಹಿಟ್ಟು ಸುರಿದು, ಜೋರು ಉರಿಯಲ್ಲಿ ಮೇಲ್ಭಾಗ ಕಪ್ಪಾಗುವ ತನಕ ಬೇಯಿಸುವುದು. ಒಳಗೆ ಮೆತ್ತಗೇ ಇರಬೇಕು. ಬಿರುಕು ಬಿಟ್ಟರೂ ನಡೆಯುತ್ತೆ, ಕುಸಿದರೂ ನಡೆಯುತ್ತೆ, ಸೀದರಂತೂ ಅದೇ ಲಕ್ಷಣ. ಓದುತ್ತಾ ಓದುತ್ತಾ ಕಣ್ಣು ತುಂಬಿ ಬಂತು. ಯಾರೋ ನನ್ನ ಜಾತಕ ನೋಡಿಯೇ ಇದನ್ನು ಮಾಡಿದ್ದಾರೆ.

ಭಾನುವಾರ ಒಳಗಿಟ್ಟೆ. ಅರ್ಧ ಗಂಟೆ ಆಯಿತು, ಮುಕ್ಕಾಲು ಗಂಟೆ ಆಯಿತು. ಜೀವಮಾನದಲ್ಲಿ ಮೊದಲ ಸಲ ಸೀಯಲಿ ಅಂತ ಕಾಯುತ್ತಿದ್ದೇನೆ, ಸೀಯುತ್ತಿಲ್ಲ! ಕೇಕು ಮದುವಣಗಿತ್ತಿಯ ಹಾಗೆ ಹೊಂಬಣ್ಣಕ್ಕೆ ತಿರುಗಿ, ಬಿರುಕೇ ಇಲ್ಲದೆ, ಸಮವಾಗಿ ಕೂತಿತ್ತು. ಚಪಾತಿ ಸೀಯಿಸಿದವನು, ಹಾಲು ಸೀಯಿಸಿದವನು, ಒಮ್ಮೆ ನೀರಿಟ್ಟು ಮರೆತು ಬರೀ ಪಾತ್ರೆ ಸೀಯಿಸಿದವನು ನಾನು. ಇದೊಂದನ್ನು ಸೀಯಿಸಲು ಆಗಲಿಲ್ಲ. ‘ಮುಚ್ಚಳದ ಮೇಲೆ ಕೆಂಡ ಹಾಕ್ಬೇಕು ಕಣೋ, ನಮ್ಮ ಕಾಲದಲ್ಲಿ ಹಾಗೇ ಮಾಡ್ತಿದ್ದಿದ್ದು’ ಅಂದರು ಅಮ್ಮ. ಐದನೇ ಮಹಡಿಯ ಫ್ಲಾಟಿನಲ್ಲಿ ಕೆಂಡ ಎಲ್ಲಿಂದ ತರಲಿ? ಹೆಂಡತಿ ಬಂದು ಓಟಿಜಿಯ ಗುಂಡಿ ನೋಡಿದಳು. ‘ರೀ, ಕೆಳಗಿನ ರಾಡು ಮಾತ್ರ ಉರೀತಿದೆ.’ ಮೇಲಿನದನ್ನೂ ಹಾಕಿದಳು. ಹತ್ತು ನಿಮಿಷದಲ್ಲಿ ಎಡಭಾಗ ಕಪ್ಪಾಯಿತು. ಬಲಭಾಗ ಕೊನೆಗೂ ಆಗಲಿಲ್ಲ.

ಆರಿದ ಮೇಲೆ ಕಪ್ಪು ಕಡೆಯಿಂದಲೇ ಒಂದು ತುಂಡು ಕತ್ತರಿಸಿ ಅಮ್ಮನಿಗೆ ಕೊಟ್ಟೆ. ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ನಾಲಿಗೆಯಲ್ಲಿ ಹೊರಳಿಸಿದರು. ಇನ್ನೊಂದು ಚಮಚ ತೆಗೆದುಕೊಂಡರು. ಇಷ್ಟು ತಿಂಗಳಲ್ಲಿ ಅಮ್ಮ ಎರಡನೇ ಚಮಚ ತೆಗೆದುಕೊಂಡಿದ್ದು ಅದೇ ಮೊದಲು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.

‘ಗಿಣ್ಣು ಚೆನ್ನಾಗಿದೆ’ ಅಂದರು. ‘ಕರು ಹಾಕಿ ಎಷ್ಟು ದಿನ ಆಗಿತ್ತು? ಮೂರನೇ ದಿನದ ಹಾಲಿರಬೇಕು. ನಡುವೆ ಸಡಿಲ ಇದೆ.’

ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಪಾತ್ರೆ ತೊಳೆಯುತ್ತಲೇ, ‘ಮೊದಲನೇ ದಿನದ್ದೇ ಅತ್ತೆ’ ಅಂದಳು.

ಅಮ್ಮ ಚಮಚ ಕೆಳಗಿಟ್ಟು ನನ್ನ ಕಡೆ ನೋಡಿದರು. ‘ಹಾಗಾದ್ರೆ ಹಾಲಿನವನು ನೀರು ಬೆರೆಸಿದಾನೆ ಕಣೋ. ನಿನಗೆ ಗೊತ್ತಾಗಲ್ಲ ಅಂತ ಮೋಸ ಮಾಡಿದಾನೆ. ಎಷ್ಟು ಕೊಟ್ಟೆ?’