ಕಿವಿ ಮಿಠಾಯಿ

ಅಮೆರಿಕದ ಹಳೇ ಬಾಕ್ಸಿಂಗ್ ಚಾಂಪಿಯನ್ ಮೈಕ್ ಟೈಸನ್ ಮತ್ತೆ ರಿಂಗಿಗೆ ಇಳಿಯುತ್ತಾನಂತೆ. ಈ ಸಲ ಎದುರಿಗೆ ಇನ್ನೊಬ್ಬ ಹಳೇ ಚಾಂಪಿಯನ್, ಫ್ಲಾಯ್ಡ್ ಮೇವೆದರ್. 2025ರ ಸೆಪ್ಟೆಂಬರ್‌ನಲ್ಲಿ ಈ ಶುಭ ಸಮಾಚಾರ ಹೊರಬಿದ್ದಾಗ ಒಬ್ಬನಿಗೆ 59, ಇನ್ನೊಬ್ಬನಿಗೆ 48. ನಮ್ಮ ಕಡೆ ಆ ವಯಸ್ಸಿಗೆ ಮಂಡಿಗೆ ಎಣ್ಣೆ ಹಚ್ಚಿಕೊಂಡು ಪಿಂಚಣಿ ಲೆಕ್ಕ ಹಾಕುತ್ತಾ ಕೂತಿರುತ್ತಾರೆ. ಇಬ್ಬರೂ ಹೆಣ್ಣಿನ ಮೇಲೆ ನಡೆಸಿದ ಅಪರಾಧಕ್ಕೆ ಜೈಲು ಕಂಡು ಬಂದವರು. ಅದನ್ನೆಲ್ಲ ಪೋಸ್ಟರಿನಲ್ಲಿ ಹಾಕುವುದಿಲ್ಲ ಬಿಡಿ, ಜಾಗ ಸಾಲುವುದಿಲ್ಲ. ‘ದಂತಕಥೆ’ ಅನ್ನುವ ಒಂದೇ ಪದ ಎಷ್ಟು ದೊಡ್ಡ ಅಕ್ಷರದಲ್ಲಿ ಬರಬೇಕು!

ಆ ದಿನವೇ ನಮ್ಮ ಕಾಲೇಜು ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ ವಿಡಿಯೊ ಹಾಕಿದ. ಟೈಸನ್ ಪಾರಿವಾಳ ಸಾಕುತ್ತಿದ್ದಾನೆ. ಟೈಸನ್ ಅಳುತ್ತಿದ್ದಾನೆ. ಟೈಸನ್ ಸಾವಿನ ಬಗ್ಗೆ ಮೆಲ್ಲಗೆ ಮಾತಾಡುತ್ತಿದ್ದಾನೆ. ಹಿನ್ನೆಲೆಯಲ್ಲಿ ಕೊಳಲು. ‘ಎಂಥಾ ಬದಲಾವಣೆ ನೋಡ್ರೋ, ಋಷಿ ಆಗಿಬಿಟ್ಟಿದ್ದಾನೆ’ ಅಂತ ಒಕ್ಕಣೆ. ಕೆಳಗೆ ಕೈಮುಗಿಯುವ ಚಿತ್ರಗಳ ಸಾಲು. ನಾನು ಸುಮ್ನೆ ಇರಬಹುದಿತ್ತು. ‘2022ರಲ್ಲಿ ವಿಮಾನದಲ್ಲಿ ಹಿಂದಿನ ಸೀಟಿನವನ ಮುಖಕ್ಕೆ ಗುದ್ದಿದ್ದು ಯಾವ ಋಷಿ?’ ಅಂತ ಕೇಳಿದೆ. ಆ ಸೀಟಿನವನೇ ಕೆಣಕಿದ್ದ, ಕೇಸೂ ಆಗಲಿಲ್ಲ ಅಂದರು. ಅದೂ ನಿಜ. ಇನ್ನೊಬ್ಬ ಬಂದು, ‘ದೂರ್ವಾಸರಿಗೆ ಸಿಟ್ಟು ಬರ್ತಿರಲಿಲ್ವಾ?’ ಅಂದ. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸರಿ, ನಾವೂ ಕೊಂಡಾಡೋಣ. ಪಶ್ಚಾತ್ತಾಪವನ್ನು ಇಷ್ಟು ಅಚ್ಚುಕಟ್ಟಾಗಿ ಪ್ಯಾಕೆಟ್ ಮಾಡಿ ಮಾರಿದವರು ಭೂಮಿ ಮೇಲೆ ಇನ್ನೊಬ್ಬರಿಲ್ಲ. 1997ರ ಜೂನ್ 28, ಲಾಸ್ ವೆಗಾಸ್. ಮೂರನೇ ರೌಂಡಿನಲ್ಲಿ ಎದುರಾಳಿ ಇವಾಂಡರ್ ಹೋಲಿಫೀಲ್ಡ್‌ನ ಬಲಗಿವಿ ಕಚ್ಚಿ ಒಂದು ತುಂಡು ಉಗಿದ. ರೆಫರಿ ಎಚ್ಚರಿಕೆ ಕೊಟ್ಟು ಆಟ ಮುಂದುವರಿಸಿದರೆ ಎಡಗಿವಿಗೂ ಬಾಯಿ ಹಾಕಿದ. 30 ಲಕ್ಷ ಡಾಲರ್ ದಂಡ, ಲೈಸೆನ್ಸ್ ರದ್ದು. ಮುಂದಿನ ವರ್ಷವೇ ಲೈಸೆನ್ಸ್ ವಾಪಸ್. 2009ರಲ್ಲಿ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೀ ಮುಂದೆ ಕೂತು ಕ್ಷಮೆ ಕೇಳಿದ. 2013ರಲ್ಲಿ ಒಂದು ಶೂ ಅಂಗಡಿಯ ಜಾಹೀರಾತಿನಲ್ಲಿ ಹೋಲಿಫೀಲ್ಡ್‌ನ ಮನೆ ಬಾಗಿಲು ತಟ್ಟಿ, ಪುಟ್ಟ ಡಬ್ಬಿಯಲ್ಲಿ ಆ ಕಿವಿ ಚೂರನ್ನು ‘ವಾಪಸ್’ ಕೊಟ್ಟ. ಇಬ್ಬರೂ ತಬ್ಬಿಕೊಂಡರು. ಶೂ ಮಾರಾಟವಾಯಿತು.

ಇಲ್ಲಿಗೆ ನಿಂತಿದ್ದರೆ ನಾನೂ ಕಣ್ಣೊರೆಸಿಕೊಳ್ಳುತ್ತಿದ್ದೆ. ಆದರೆ 2022ರ ಮಾರ್ಚ್‌ನಲ್ಲಿ ಟೈಸನ್‌ನ ಗಾಂಜಾ ಕಂಪನಿಯಿಂದ ‘ಮೈಕ್ ಬೈಟ್ಸ್’ ಅನ್ನುವ ಜೆಲ್ಲಿ ಮಿಠಾಯಿ ಬಂತು. ಆಕಾರ ಏನು? ಕಿವಿ. ಮೇಲಿನ ಅಂಚಲ್ಲಿ ಒಂದು ಚೂರು ಕಚ್ಚಿ ತೆಗೆದ ಕಿವಿ. ಯಾರೋ ಕೂತು ಅದರ ಅಚ್ಚು ಮಾಡಿರಬೇಕಲ್ಲ? ಕಚ್ಚಿದ ಜಾಗ ಇನ್ನೂ ಸ್ವಲ್ಪ ಮೇಲೆ ಬರಲಿ, ಹಲ್ಲಿನ ಗುರುತು ಇಷ್ಟು ಸಾಲದು ಅಂತ ಮೀಟಿಂಗ್ ಮಾಡಿರಬೇಕಲ್ಲ? ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಮನುಷ್ಯನ ಆಕಾರದ ಗಾಂಜಾ ತಿಂಡಿ ಮಾರುವಂತಿಲ್ಲ ಅಂತ ಕಾನೂನಿದೆ, ಹಾಗಾಗಿ ಅಲ್ಲಿ ‘ಟಿ’ ಅಕ್ಷರದ ಆಕಾರಕ್ಕೆ ತೃಪ್ತಿಪಟ್ಟುಕೊಂಡರು. ವರ್ಷ ಮುಗಿಯುವುದರೊಳಗೆ ಕಚ್ಚಿಸಿಕೊಂಡ ಹೋಲಿಫೀಲ್ಡ್ ಕೂಡ ವ್ಯಾಪಾರದಲ್ಲಿ ಪಾಲುದಾರ, ‘ಹೋಲಿ ಇಯರ್ಸ್’ ಅಂತ ಇನ್ನೊಂದು ಮಿಠಾಯಿ. ಅವನ ಕಿವಿ, ಅವನಿಷ್ಟ. ನಾವು ಯಾರು ಕೇಳೋಕೆ?

ಶಾಲೆಯಲ್ಲಿ ಅಂಗುಲಿಮಾಲನ ಕಥೆ ಓದಿದ್ದೇವಲ್ಲ. ಬೆರಳು ಕತ್ತರಿಸಿ ಮಾಲೆ ಮಾಡಿಕೊಂಡವನು ಬುದ್ಧನ ಭಿಕ್ಷು ಆದ. ಪಾಠದಲ್ಲಿ ಅಲ್ಲಿಗೆ ಮುಗಿಸಿಬಿಡುತ್ತಾರೆ. ಮುಂದಿನದ್ದು ಹೇಳುವವರು ಕಡಿಮೆ. ಭಿಕ್ಷೆಗೆ ಹೋದರೆ ಜನ ಅವನಿಗೆ ಕಲ್ಲು ಹೊಡೆದರು. ತಲೆ ಒಡೆದು, ಭಿಕ್ಷಾಪಾತ್ರೆ ಚೂರಾಗಿ, ರಕ್ತ ಸುರಿಸಿಕೊಂಡು ಬಂದ. ತಡೆದುಕೋ, ಇದು ನಿನ್ನದೇ ಫಲ ಅಂದ ಬುದ್ಧ. ಅವನು ತಡೆದುಕೊಂಡ. ಶ್ರಾವಸ್ತಿಯಲ್ಲಿ ಬೆರಳಿನ ಆಕಾರದ ಬಿಸ್ಕತ್ತಿನ ಅಂಗಡಿ ಇಡಲಿಲ್ಲ, ಪಾಪ. ಕಾಲ ಹಿಂದುಳಿದಿತ್ತು.

ಕಚ್ಚುವ ಮಾತು ಬಂತಲ್ಲ, ನಾಯಿ ವಿಷಯ ಹೇಳಿಬಿಡುತ್ತೇನೆ. ಟಾಮಿ, ಜಿಮ್ಮಿ, ಮೋತಿ ಅಂತಿದ್ದ ನಮ್ಮ ನಾಯಿಗಳು ಎಂಬತ್ತರ ದಶಕದ ಕೊನೆಗೆ ಇದ್ದಕ್ಕಿದ್ದಂತೆ ಟೈಸನ್ ಆದವು. ಬೀದಿಗೊಂದು ಟೈಸನ್. ಹೋಲಿಫೀಲ್ಡ್ ಅಂತ ಹೆಸರಿಟ್ಟ ನಾಯಿ ಒಂದನ್ನಾದರೂ ನೋಡಿದ್ದೀರಾ? ಟೈಸನ್ ಎದುರು ಗೆದ್ದವನು ಅವನೇ, ಅದೂ ಎರಡು ಸಲ. 1990ರಲ್ಲಿ ಟೋಕಿಯೊದಲ್ಲಿ ಟೈಸನ್‌ನನ್ನು ಮೊದಲ ಸಲ ಮಲಗಿಸಿದ ಬಸ್ಟರ್ ಡಗ್ಲಸ್ ಹೆಸರು ಒಂದು ನಾಯಿಮರಿಗೂ ದಕ್ಕಲಿಲ್ಲ. ಮೂರು ವರ್ಷದ ಹಿಂದೆ ನಮ್ಮ ಬೀದಿಯ ಮೂಲೆ ಮನೆಯ ಟೈಸನ್ ನನ್ನ ಎಡಗಾಲಿನ ಮೀನಖಂಡ ಹಿಡಿದ. ಯಜಮಾನರು ಪಂಚೆ ಎತ್ತಿ ಕಟ್ಟುತ್ತಾ ಗೇಟಿಗೆ ಬಂದು, ‘ಏನೂ ಮಾಡಲ್ಲ ಸಾರ್, ಆಟ ಆಡ್ತಾನೆ’ ಅಂದರು. ನಾಯಿ ಇನ್ನೂ ಕಾಲಲ್ಲೇ ನೇತಾಡುತ್ತಿತ್ತು. ನನಗೆ ಐದು ಇಂಜೆಕ್ಷನ್. ಮೊನ್ನೆ ಸಿಕ್ಕಿ, ‘ನಮ್ಮ ಟೈಸನ್ ಪೂರ್ತಿ ಬದಲಾಗಿದಾನೆ ಸಾರ್, ಮೊಸರನ್ನ ಬಿಟ್ಟು ಏನೂ ಮುಟ್ಟಲ್ಲ’ ಅಂತ ಹೆಮ್ಮೆಯಿಂದ ಹೇಳಿದರು. ಹೌದಾ, ಹೇಗೆ ಅಂತ ಕೇಳಿದೆ. ‘ಹಲ್ಲು ಬಿದ್ದೋಯ್ತಲ್ಲ ಸಾರ್.’

ನಾನೇನು ಟೈಸನ್ ದ್ವೇಷಿ ಅಲ್ಲ. ಬ್ರೂಕ್ಲಿನ್‌ನ ಬ್ರೌನ್ಸ್‌ವಿಲ್‌ನಲ್ಲಿ ಬೆಳೆದು, ತನ್ನ ಪಾರಿವಾಳದ ಕತ್ತು ಮುರಿದ ದೊಡ್ಡ ಹುಡುಗನ ಮೇಲೆ ಮೊದಲ ಸಲ ಕೈ ಎತ್ತಿದ ಹುಡುಗ ಅವನು. ಕಸ್ ಡಮಾಟೊ ಅನ್ನುವ ಮುದುಕ ಮನೆಯಲ್ಲಿಟ್ಟುಕೊಂಡು ಸಾಕಿ, ಕಲಿಸಿ, ಹುಡುಗ ಚಾಂಪಿಯನ್ ಆಗುವ ಒಂದು ವರ್ಷ ಮೊದಲು ತೀರಿಕೊಂಡ. 1986ರಲ್ಲಿ, ಇಪ್ಪತ್ತು ವರ್ಷಕ್ಕೆ, ಹೆವಿವೇಟ್ ಕಿರೀಟ. 1988ರಲ್ಲಿ ಮೈಕಲ್ ಸ್ಪಿಂಕ್ಸ್ ಜೊತೆಗಿನ ಪಂದ್ಯ ಮುಗಿದಿದ್ದು 91 ಸೆಕೆಂಡಿನಲ್ಲಿ, ಕಾಫಿ ಡಿಕಾಕ್ಷನ್ ಇಳಿಯುವಷ್ಟು ಹೊತ್ತೂ ಅಲ್ಲ. ಆ ಹುಡುಗನ ಬಗ್ಗೆ ಓದಿದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಆದರೆ ಕಿವಿಯ ಕಥೆ ಹೇಳಿ ನಗಿಸುವವರು ಇನ್ನೊಂದು ಕಥೆ ಬಂದಾಗ ಯಾಕೆ ಪುಟ ತಿರುಗಿಸುತ್ತಾರೆ? 1991ರ ಜುಲೈ, ಇಂಡಿಯಾನಾಪೊಲಿಸ್, ಹೋಟೆಲ್ ಕೋಣೆ. ಸೌಂದರ್ಯ ಸ್ಪರ್ಧೆಗೆ ಬಂದಿದ್ದ 18 ವರ್ಷದ ಹುಡುಗಿ. 1992ರ ಫೆಬ್ರವರಿಯಲ್ಲಿ ಜ್ಯೂರಿ ಇವನು ಅತ್ಯಾಚಾರಿ ಅಂತ ತೀರ್ಪು ಕೊಟ್ಟಿತು. ಆರು ವರ್ಷ ಶಿಕ್ಷೆ, ಮೂರು ತುಂಬುವ ಮೊದಲೇ 1995ರ ಮಾರ್ಚ್‌ನಲ್ಲಿ ಹೊರಗೆ. ಆಗಸ್ಟ್‌ನಲ್ಲಿ ಪುನರಾಗಮನದ ಪಂದ್ಯ. 89 ಸೆಕೆಂಡಿಗೇ ಮುಗಿಯಿತು, ಸಿಕ್ಕಿದ್ದು ಸುಮಾರು ಎರಡೂವರೆ ಕೋಟಿ ಡಾಲರ್.

ನಾನು ಮಾಡಿಲ್ಲ ಅಂತಲೇ ಅವನು ಹೇಳಿಕೊಂಡು ಬಂದಿದ್ದಾನೆ. ಜೈಲಿಂದ ಬಂದ ಮೇಲೆ ಹೇಳಿದ, ಆತ್ಮಕಥೆಯಲ್ಲೂ ಹೇಳಿದ. ಮತ್ತೆ ನೀವೆಲ್ಲ ಯಾವುದಕ್ಕೆ ಕ್ಷಮಿಸಿದಿರಿ? ಅವನು ಒಪ್ಪಿಕೊಳ್ಳದ ತಪ್ಪಿಗೆ ಅವನು ಕೇಳದ ಕ್ಷಮೆಯನ್ನು ಅವಳ ಪರವಾಗಿ ಕೊಟ್ಟವರು ಯಾರು? ಅತ್ತೆ ಒಡವೆ ಅಳಿಯ ದಾನ ಮಾಡಿದ ಹಾಗಾಯಿತು. ಹೋಲಿಫೀಲ್ಡ್ ಮನೆ ಬಾಗಿಲಿಗೆ ಡಬ್ಬಿ ಹಿಡಿದು ಹೋಗುವುದು ಸುಲಭ, ಕ್ಯಾಮೆರಾ ಇರುತ್ತದೆ, ಶೂ ಇರುತ್ತದೆ. ಆ ಹುಡುಗಿಯ ಬಾಗಿಲಿಗೆ ಯಾರೂ ಹೋಗಲ್ಲ. ಅವಳಿಗೂ ಈಗ ಐವತ್ತು ದಾಟಿದೆ. ಪ್ರತಿ ಸಲ ಇವನು ಹೊಸದಾಗಿ ಉದ್ಧಾರವಾದಾಗ ಅವಳೂ ಎಲ್ಲೋ ಕೂತು ಟಿವಿ ಚಾನೆಲ್ ಬದಲಾಯಿಸಬೇಕು. ನನಗೆ ಇದರಲ್ಲಿ ನಗು ಬರುವುದಿಲ್ಲ, ಎಷ್ಟು ಪ್ರಯತ್ನಪಟ್ಟರೂ.

ಗ್ರೂಪಿನಲ್ಲಿ ಇಷ್ಟನ್ನೂ ಬರೆದೆ. ‘ಹಳೇದು ಬಿಡೋ, ಪಾಸಿಟಿವ್ ಆಗಿರು’ ಅಂದರು. ಒಬ್ಬ ಹೆಬ್ಬೆರಳು ಒತ್ತಿದ, ನನಗೋ ಅವರಿಗೋ ಗೊತ್ತಾಗಲಿಲ್ಲ.

ತಮಾಷೆ ಏನೆಂದರೆ, ಈ ಇಡೀ ಸಂತೆಯಲ್ಲಿ ಜಾಸ್ತಿ ಪ್ರಾಮಾಣಿಕವಾಗಿ ಮಾತಾಡಿದವನು ಟೈಸನ್ನೇ. 2024ರ ನವೆಂಬರ್‌ನಲ್ಲಿ ಯೂಟ್ಯೂಬಿನಿಂದ ಬಾಕ್ಸಿಂಗಿಗೆ ಬಂದ ಜೇಕ್ ಪಾಲ್ ಜೊತೆಗಿನ ಪಂದ್ಯಕ್ಕೆ ಮುಂಚೆ ಒಬ್ಬ ಹುಡುಗಿ, ಇನ್ನೂ ಸ್ಕೂಲಿಗೆ ಹೋಗುವ ವಯಸ್ಸು, ಮೈಕ್ ಹಿಡಿದು ನಿಮ್ಮ ಲೆಗಸಿ, ಅಂದರೆ ಬಿಟ್ಟುಹೋಗುವ ಹೆಸರು, ಏನು ಅಂತ ಕೇಳಿದಳು. ಲೆಗಸಿ ಅನ್ನುವುದೆಲ್ಲ ಅಹಂಕಾರ, ನಾನೊಬ್ಬ ದಾರಿಹೋಕ, ಸತ್ತ ಮೇಲೆ ಅದು ಯಾರಿಗೆ ಬೇಕು ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟ. ಹುಡುಗಿ ತಬ್ಬಿಬ್ಬಾಗದೆ ಥ್ಯಾಂಕ್ಸ್ ಹೇಳಿದಳು. ನಾವು ಕೇಳಿಸಿಕೊಂಡೆವಾ? ಆ ತುಣುಕಿಗೂ ಕೊಳಲು ಹಾಕಿ ಹಂಚಿಕೊಂಡೆವು.

ಪಂದ್ಯವನ್ನು ನಾನೂ ನೋಡಿದೆ, ಸುಳ್ಳು ಹೇಳಲ್ಲ. ನಮಗೆ ಶನಿವಾರ ಬೆಳಿಗ್ಗೆ. ದೋಸೆ ಹುಯ್ಯುತ್ತಾ ಹೆಂಡತಿ, ‘ಇನ್ನೂ ಶುರುವಾಗಿಲ್ವಾ ನಿಮ್ಮ ಮುದುಕಂದು’ ಅಂತ ಎರಡು ಸಲ ಕೇಳಿದಳು. ಪರದೆ ಮೇಲೆ ಚಕ್ರ ತಿರುಗುತ್ತಿತ್ತು. ಎದುರಿಗೆ 27ರ ಹುಡುಗ, ಇವನಿಗೆ 58. ಎರಡೆರಡು ನಿಮಿಷದ ಎಂಟು ರೌಂಡು. ಮೂರನೆಯದು ಮುಗಿಯುವಷ್ಟರಲ್ಲಿ ಕಾಲು ಸೋತವು, ಆಮೇಲೆ ಗ್ಲೌಸ್ ಕಚ್ಚುತ್ತಾ ನಿಂತ. ಲೆಕ್ಕ ಇಡುವವರು ಇಟ್ಟ ಲೆಕ್ಕದಲ್ಲಿ ಅವನ 97 ಗುದ್ದುಗಳಲ್ಲಿ ತಗುಲಿದ್ದು 18. ಎರಡು ಕೋಟಿ ಡಾಲರ್ ಸಿಕ್ಕಿತು ಅಂತ ಸುದ್ದಿ. ಭಾಗಿಸಿ ನೋಡಿ.

ನನಗೆ ನೆನಪಿರುವುದು ಅದಲ್ಲ, ಪಂದ್ಯಕ್ಕೆ ಮುಂಚೆ ಡ್ರೆಸಿಂಗ್ ರೂಮಿನಲ್ಲಿ ನಡೆದ ಚಿಕ್ಕ ಸಂದರ್ಶನ. ಎರಡು ಮಾತಾಡಿ ಟೈಸನ್ ತಿರುಗಿ ಹೊರಟ. ಸೊಂಟಕ್ಕೆ ಹಿಂದುಗಡೆ ಬಟ್ಟೆಯೇ ಇರಲಿಲ್ಲ. ಕೋಟ್ಯಂತರ ಜನರ ಟಿವಿಯಲ್ಲಿ, ನೇರಪ್ರಸಾರದಲ್ಲಿ, ಅವನ ಅಂಡು. ಕ್ಯಾಮೆರಾ ಬೇರೆ ಕಡೆ ತಿರುಗುವುದು ಸ್ವಲ್ಪ ತಡವಾಯಿತು. ಹೆಂಡತಿ ದೋಸೆ ತಟ್ಟೆ ಹಿಡಿದು ಅಡುಗೆಮನೆಯಿಂದ ಬಂದವಳು ಅಲ್ಲೇ ನಿಂತಳು.

‘ಇದಕ್ಕೇನಾ ಬೆಳಿಗ್ಗೆ ಎದ್ದು ಕೂತಿದ್ದು?’ ಅಂದಳು.